ಹೆಸರು ಕೇಳದ ಪುಟ

ಜೂನ್ 9, ಸೋಮವಾರ

ಸ್ಫೂರ್ತಿ ಹೋಗಿ ಇವತ್ತಿಗೆ ಹನ್ನೆರಡು ದಿನ. ಸಂಡೂರಿನ ಪಿಯು ಕಾಲೇಜು ಚೆನ್ನಾಗಿದೆ, ದೋಣಿಮಲೈಯಲ್ಲಿ ಅವಳ ಅತ್ತೆಯ ಕ್ವಾರ್ಟರ್ಸ್ ಇದೆ, ಅಲ್ಲಿಂದ ಬಸ್ಸಿದೆ ಎಂದು ಕೇಳಿದವರಿಗೆಲ್ಲ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ಮಗಳು ಕಾಲೇಜಿಗೆಂದು ಹೋಗಿಲ್ಲ, ನನ್ನನ್ನು ಬಿಟ್ಟು ಹೋಗಿದ್ದಾಳೆ.

ನಾನು ಮಾಡಿದ್ದು ಇಷ್ಟೇ. ಅವಳು ಹಾಸಿಗೆಯ ಕೆಳಗಿಟ್ಟಿದ್ದ ನೋಟ್‌ಬುಕ್ ಓದಿದೆ. ಹದಿನಾರು ವರ್ಷದ ಮಗಳು ಏನು ಬರೆಯುತ್ತಾಳೆಂದು ತಾಯಿಯಾದವಳು ನೋಡದೆ ಪಕ್ಕದ ಮನೆಯವರು ನೋಡಬೇಕೇ? ಮನೋಹರ್ ತೀರಿಕೊಂಡು ಐದು ವರ್ಷವಾಯಿತು. ಅಪ್ಪನ ಪಾಲಿನ ಕಾಳಜಿಯನ್ನೂ ನಾನೇ ಮಾಡಬೇಕು. ಅದಕ್ಕೆ ಇಷ್ಟು ದೊಡ್ಡ ಶಿಕ್ಷೆ.

ಕೆಲಸದ ಸುದ್ದಿ ಒಂದಿದೆ. ಸಂಡೂರಿನ ಟ್ರಸ್ಟಿನ ಕಿರಣ್ ಕುಮಾರ್ ಫೋನ್ ಮಾಡಿದ್ದರು. ಹದಿಮೂರರಿಂದ ಹದಿನೆಂಟು ವರ್ಷದ ಮಕ್ಕಳಿಗಾಗಿ ನಾನೊಂದು ವೆಬ್‌ಸೈಟ್ ಮಾಡಿಕೊಡಬೇಕಂತೆ. ಯಾರನ್ನೂ ಕೇಳಲಾಗದ ಪ್ರಶ್ನೆಗಳನ್ನು ಮಕ್ಕಳು ಅಲ್ಲಿ ಬರೆಯಬೇಕು. ಕಡ್ಡಿರಾಂಪುರದ ಪಂಪಾವತಿ ಮೇಡಂ, ನಿವೃತ್ತ ನರ್ಸ್, ಉತ್ತರ ಕೊಡಲು ಒಪ್ಪಿದ್ದಾರೆ. ಸೆಪ್ಟೆಂಬರ್ ಕೊನೆಯೊಳಗೆ ಮಕ್ಕಳು ಬಳಸತೊಡಗಿದರೆ ಸೈಟ್ ಉಳಿಯುತ್ತದೆ, ಇಲ್ಲದಿದ್ದರೆ ಮುಚ್ಚುತ್ತಾರೆ.

"ಹುಡುಗ್ರಿಗೆ ನೋಡಿದ ಕೂಡ್ಲೇ ಹಿಡಿಸಬೇಕ್ರಿ ಮೇಡಂ. ನಿಮ್ಮನ್ಯಾಗ ಅದಾ ವಯಸ್ಸಿನ ಮಗಳದಾಳ, ನಿಮಗ ನಾವೇನು ಹೇಳೋದು ಐತ್ರಿ" ಎಂದರು. ಹೌದೆಂದೆ.

ಬರೆದು ಮುಗಿದ ಮೇಲೆ ಈ ಪುಸ್ತಕವನ್ನು ಹಳೆಯ ಲಗ್ನಪತ್ರಿಕೆಗಳ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇನೆ. ಮನೆಯಲ್ಲಿ ನಾನೊಬ್ಬಳೇ, ಆದರೂ ಬೀಗ ಹಾಕದಿದ್ದರೆ ನಿದ್ದೆ ಬರುವುದಿಲ್ಲ.

ಜೂನ್ 14, ಶನಿವಾರ

ಮೊದಲ ಪುಟ ತಯಾರಾಯಿತು. ಹಳದಿ, ಗುಲಾಬಿ, ಮೇಲಕ್ಕೆ ಹಾರುವ ಬಲೂನುಗಳು, ಕೂಲಿಂಗ್ ಗ್ಲಾಸ್ ಹಾಕಿದ ಒಂದು ಗಿಣಿ. ಬೆರಳಿಟ್ಟರೆ ಗಿಣಿ ರೆಕ್ಕೆ ಬಡಿಯುತ್ತದೆ. ಮನೋಹರ್ ಇದ್ದಾಗ ನಾವಿಬ್ಬರೂ ಸೇರಿ ಡಿಟಿಪಿ ಅಂಗಡಿಯಲ್ಲಿ ಹದಿನೈದು ವರ್ಷ ಲಗ್ನಪತ್ರಿಕೆ ಮಾಡಿದ್ದೇವೆ. ಹೊಸಪೇಟೆಯ ಅರ್ಧ ಮದುವೆಗಳು ನಮ್ಮ ಬಣ್ಣದಲ್ಲೇ ನಡೆದಿವೆ. ಒಬ್ಬ ಗಿರಾಕಿಯೂ ಪತ್ರಿಕೆ ಹಿಡಿಸಲಿಲ್ಲವೆಂದು ವಾಪಸ್ ತಂದಿರಲಿಲ್ಲ.

ಒಳಗೆ ಬರುವವರು ತುಂಬಬೇಕಾದ ಅರ್ಜಿಯನ್ನೂ ಮಾಡಿದೆ. ಹೆಸರು, ತಂದೆಯ ಹೆಸರು, ಶಾಲೆ, ಊರು, ಮೊಬೈಲ್ ನಂಬರ್, ಆಮೇಲೆ ಓಟಿಪಿ. ಹಿಂದೆ ಮಾಡಿಕೊಟ್ಟಿದ್ದ ವಿದ್ಯಾರ್ಥಿವೇತನದ ಅರ್ಜಿಯನ್ನೇ ತೆಗೆದು ಕೂರಿಸಿದ್ದರಿಂದ ಒಂದು ದಿನ ಉಳಿಯಿತು.

ಮಧ್ಯಾಹ್ನ ಅನ್ನ ಮಾಡಿದ್ದು ಒಂದೇ ಪಾವು, ಅದರಲ್ಲೂ ಅರ್ಧ ಉಳಿಯಿತು.

ಜೂನ್ 27, ಶುಕ್ರವಾರ

ಕಂಪ್ಲಿಗೆ ಹೋಗಿ ಬಂದೆ. ಹುಡುಗಿಯರ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಗೆ ಗೋಡೆಯ ಮೇಲೆ ಸೈಟ್ ತೋರಿಸಿದೆ. ಹೆಡ್‌ಮಿಸ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಹೇಗಿದೆ ಎಂದು ಕೇಳಿದರೆ ಐವತ್ತು ಬಾಯಿಗಳು ಒಟ್ಟಿಗೆ "ಮಸ್ತ್ ಐತ್ರಿ ಮೇಡಂ" ಎಂದವು. ಗಿಣಿ ರೆಕ್ಕೆ ಬಡಿದಾಗ ಚಪ್ಪಾಳೆಯೂ ಬಿತ್ತು.

ಬಸ್ಸಿನಲ್ಲಿ ಬರುವಾಗ ಖುಷಿಯಾಗಿದ್ದೆ. ಯಾರಿಗಾದರೂ ಹೇಳೋಣವೆಂದು ಫೋನ್ ತೆಗೆದೆ, ಹೆಸರುಗಳನ್ನು ಮೇಲೆ ಕೆಳಗೆ ಸರಿಸಿದೆ, ಮತ್ತೆ ಬ್ಯಾಗಿನೊಳಗೆ ಹಾಕಿದೆ.

ಜುಲೈ 8, ಮಂಗಳವಾರ

ಕಂಪ್ಲಿಗೆ ಹೋಗಿ ಬಂದು ಹನ್ನೊಂದು ದಿನವಾಯಿತು. ಬಂದ ಪ್ರಶ್ನೆ ಒಂದೇ: "ಇದು ಕೆಲಸ ಮಾಡುತ್ತಿದೆಯೇ?" ಕೇಳಿದವರು ಕಿರಣ್ ಕುಮಾರ್.

ಜುಲೈ 13, ಭಾನುವಾರ

ದೋಣಿಮಲೈಗೆ ಫೋನ್ ಮಾಡಿದೆ. ನಾದಿನಿ ನೀಲಗಂಗಮ್ಮ ಎತ್ತಿಕೊಂಡಳು. ಹಿಂದೆ ಟಿವಿಯ ಸದ್ದು, ಅದರ ಹಿಂದೆ ಸ್ಫೂರ್ತಿ ಏನೋ ನಗುತ್ತಾ ಹೇಳುತ್ತಿದ್ದ ಸದ್ದು. "ನಿಮ್ಮವ್ವ ಅದಾರ, ಮಾತಾಡ್ತಿಯೇನು" ಎಂದು ನಾದಿನಿ ಕೇಳಿದ ಮೇಲೆ ನಗು ನಿಂತಿತು.

"ಓದಕ್ಕ ಕುಂತಾಳ್ರಿ" ಎಂದಳು ನೀಲಗಂಗಮ್ಮ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು, ಪಾಪ.

ಸೈಟ್ ನೋಡಿದಳೇ ಎಂದು ಕೇಳಿದೆ. ಲಿಂಕ್ ಕಳಿಸಿದ್ದೆ.

"ನೋಡಿದ್ಲು. ಸಿಟ್ಟಿಗೇಳಬ್ಯಾಡ್ರಿ ಅತ್ತಿಗಿ. ಅವ್ವ ನಮ್ಮನ್ನ ಅಂಗನವಾಡಿ ಹುಡುಗ್ರು ಅಂತ ಮಾಡ್ಯಾಳೇನು, ಬಲೂನ್ ಯಾಕ ಹಾಕ್ಯಾಳ ಅಂದ್ಲು."

ಸಿಟ್ಟು ಬಂತು. ಫೋನಿಟ್ಟ ಮೇಲೆ, ನನ್ನ ಕೆಲಸದ ಬಗ್ಗೆಯಾದರೂ ಒಂದು ಮಾತಾಡಿದಳಲ್ಲ ಎಂದು ಅದೇ ಮಾತನ್ನು ನಾಲ್ಕು ಸಲ ಮನಸ್ಸಿನಲ್ಲಿ ಹೇಳಿಕೊಂಡೆ.

ಜುಲೈ 22, ಮಂಗಳವಾರ

ಮತ್ತೆ ಕಂಪ್ಲಿ. ಈ ಸಲ ಹೆಡ್‌ಮಿಸ್ ಅವರನ್ನು ಕೈಮುಗಿದು ಹೊರಗೆ ಕಳಿಸಿದೆ. ಹೋಗುವಾಗ ಅವರ ಮುಖ ನೋಡುವಂತಿರಲಿಲ್ಲ. ಬಾಗಿಲು ಹಾಕಿ, "ಮಸ್ತ್ ಅಂದೋರು ಒಬ್ರೂ ಯಾಕ ಬರ್ಲಿಲ್ಲ?" ಎಂದು ಕೇಳಿದೆ. ಐವತ್ತು ಜನವೂ ನೆಲ ನೋಡಿದರು. ಕೊನೆಯ ಬೆಂಚಿನಲ್ಲಿ ಎಣ್ಣೆ ಹಚ್ಚಿ ಎರಡು ಜಡೆ ಬಿಗಿದುಕೊಂಡಿದ್ದ ಒಬ್ಬಳು ಎದ್ದು ನಿಂತಳು.

"ಹುಲುಗಮ್ಮ ಅಂತ್ರಿ. ಎಲ್ಲಾರೂ ಹುಲಿ ಅಂತಾರ. ಮೇಡಂ, ನೀವು ನಂಬರ್ ಕೇಳ್ತೀರಲ್ರಿ, ನಮ್ಮನ್ಯಾಗ ಇರೋದು ಒಂದಾ ಫೋನು, ಅವ್ವಂದು. ಸಂಜಿಕ ಓದೋದೈತಿ ಅಂತ ಇಸ್ಕೊಂತೀನಿ. ಓಟಿಪಿ ಬಂದ್ರ ಅಲ್ಲೇ ಉಳಿತೈತಿ. ಯಾವ್ದರ ಓಟಿಪಿ ಲೇ ಇದು ಅಂತಾಳ ಅವ್ವ. ನಾ ಏನ್ ಹೇಳ್ಲಿ?"

ತರಗತಿ ನಕ್ಕಿತು. ನಾನೂ ನಗಲು ಹೋಗಿ ನಿಲ್ಲಿಸಿದೆ. ಗುಟ್ಟಾಗಿ ಕೇಳಬೇಕಾದ ಪ್ರಶ್ನೆಗೆ ಅವ್ವನ ಫೋನಿನಿಂದ ಅಪ್ಪಣೆ ಕೇಳಿದ್ದೇನೆ, ಮೇಲೆ ಅಪ್ಪನ ಹೆಸರೂ ಬೇಕೆಂದಿದ್ದೇನೆ. ಹದಿನೈದು ವರ್ಷ ಲಗ್ನಪತ್ರಿಕೆ ಮಾಡಿದವಳು ಮತ್ತೇನು ಮಾಡಿಯಾಳು? ಅದರಲ್ಲಿ ಹುಡುಗ ಹುಡುಗಿಯ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ, ಬಣ್ಣ ಆರಿಸುವವರು ಮಾತ್ರ ಹಿರಿಯರು. ನನಗೆ ಇಷ್ಟು ವರ್ಷ ಹಿರಿಯರೇ ಗಿರಾಕಿಗಳು.

"ಮತ್ತ ಆ ಗಿಣಿ ತಗೀರಿ ಮೇಡಂ" ಎಂದಳು ಹುಲುಗಮ್ಮ. "ನಮ್ಮಣ್ಣ ಹಿಂದಿನಿಂದ ಬಂದು ಇಣುಕ್ತಾನ. ದೂರದಿಂದ ನೋಡಿದ್ರ ಪಾಠ ಓದಿದಂಗ ಕಾಣಬೇಕು."

ಬೇರೆಯವರಿಗೂ ಬಾಯಿ ಬಂತು. ಬಿಳಿ ಪುಟ, ಕಪ್ಪು ಅಕ್ಷರ, ಮೇಲೆ "ಅಧ್ಯಾಯ 4" ಎಂದಿರಲಿ. ಉತ್ತರ ಓದಿದ ಮೇಲೆ ಉಪಯೋಗವಾಯಿತೇ ಎಂದು ಕೇಳುವಲ್ಲಿ ಹೌದು, ಇಲ್ಲ ಎರಡೇ ಸಾಲದು, "ಸ್ವಲ್ಪ" ಎಂದೂ ಬೇಕು. ಅದು ಯಾಕೆಂದು ಕೇಳಿದ್ದಕ್ಕೆ, "ಭಾಳ ಸಲ ಸ್ವಲ್ಪನಾ ಇರ್ತೈತ್ರಿ" ಎಂದಳು ಹುಲುಗಮ್ಮ.

ಹೊರಡುವಾಗ ಗೇಟಿನವರೆಗೂ ಬಂದಳು. "ಯಾರು ಕೇಳ್ಯಾರ ಅಂತ ನಿಮಗ ಗೊತ್ತಾಗ್ತೈತೇನ್ರಿ?"

"ನಾ ನೋಡಂಗಿಲ್ಲವ್ವ."

"ನೋಡಂಗಿಲ್ಲ ಅಂದ್ರ ಸಾಲದ್ರಿ ಮೇಡಂ. ನೋಡಾಕ ಬರಬಾರದು."

ಆಗಲಿ ಎಂದೆ.

ಜುಲೈ 25, ಶುಕ್ರವಾರ

ಬಲೂನು, ಗಿಣಿ, ಅರ್ಜಿ, ಓಟಿಪಿ ಎಲ್ಲವನ್ನೂ ತೆಗೆದೆ. ಹೊಸ ಪುಟ ನೋಡಿ ಕಿರಣ್ ಕುಮಾರ್ ಫೋನಿನಲ್ಲೇ ಕೂಗಾಡಿದರು. "ಏನ್ರಿ ಮೇಡಂ ಇದು, ಪರೀಕ್ಷಾ ಗೈಡ್ ಇದ್ದಂಗೈತಿ! ಯಾವ ಹುಡುಗ್ರು ನೋಡ್ತಾರ್ರಿ?" ಮಕ್ಕಳೇ ಕೇಳಿದ್ದು ಎಂದೆ. ಸರಿ, ಆದರೆ ಟ್ರಸ್ಟಿಗೆ ವರದಿ ಬೇಕೇ ಬೇಕು, ಯಾವ ಊರಿನಿಂದ ಯಾವ ಫೋನಿನಲ್ಲಿ ಬಂದರೆಂಬ ಲೆಕ್ಕ ಮಾತ್ರ ಒಳಗೆ ಇರಲಿ ಎಂದರು.

ಇರಲಿ ಎಂದು ಬಿಟ್ಟೆ. ಪುಟದ ತಲೆಯಲ್ಲಿ "ನೀವು ಯಾರೆಂದು ಯಾರಿಗೂ ತಿಳಿಯುವುದಿಲ್ಲ" ಎಂದು ಬರೆದೆ. ನಾನು ನೋಡುವುದಿಲ್ಲವಲ್ಲ, ಹಾಗಾಗಿ ಸುಳ್ಳಲ್ಲ.

ಆಗಸ್ಟ್ 6, ಬುಧವಾರ

ಒಂದು ವಾರದಲ್ಲಿ ನಲವತ್ತೊಂದು ಪ್ರಶ್ನೆಗಳು!

ಮೊಡವೆಗೆ ಟೂತ್‌ಪೇಸ್ಟ್ ಹಚ್ಚಬಹುದೇ? ಮುಟ್ಟಾದಾಗ ಓಡುವ ಪಂದ್ಯಕ್ಕೆ ಹೋದರೆ ಏನಾದರೂ ಆಗುತ್ತದೆಯೇ? ಹುಡುಗರೂ ಅಳುತ್ತಾರಾ, ನಾನು ಅಳುತ್ತೇನೆ. ಅಪ್ಪ ಕುಡಿದು ಬಂದ ದಿನ ತಂಗಿಯನ್ನು ಎಲ್ಲಿ ಕೂರಿಸಲಿ? ಗೆಳತಿಯರೆಲ್ಲ ಇದ್ದಾಗಲೂ ಒಬ್ಬಳೇ ಇದ್ದೀನಿ ಅನ್ನಿಸುವುದು ನನಗೊಬ್ಬಳಿಗೇನಾ?

ಕೊನೆಯದನ್ನು ಓದಿ ನಿನಗೊಬ್ಬಳಿಗೇ ಅಲ್ಲ ತಾಯಿ ಎಂದು ಜೋರಾಗಿಯೇ ಹೇಳಿಬಿಟ್ಟೆ. ಮನೆಯಲ್ಲಿ ನನ್ನ ದನಿ ಕೇಳಿ ನನಗೇ ಗಾಬರಿಯಾಯಿತು. ಬೆಳಿಗ್ಗೆಯಿಂದ ಅದೇ ಮೊದಲ ಮಾತು.

ಸಂಜೆ ಮಾರ್ಕೆಟ್ ಕಡೆ ಹೋಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ತಿಂದೆ. ಅಂಗಡಿಯವನು ಎಂದಿನಂತೆ ಎರಡು ಪ್ಲೇಟ್ ಹಾಕಲು ಹೋದ. ಒಂದೇ ಸಾಕೆಂದೆ.

ಆಗಸ್ಟ್ 15, ಶುಕ್ರವಾರ

ರಸ್ತೆಯಲ್ಲಿ ಮಕ್ಕಳು ಬಾವುಟ ಹಿಡಿದು ಶಾಲೆಯಿಂದ ಬರುತ್ತಿದ್ದಾರೆ. ಸ್ಫೂರ್ತಿ ಇದೇ ದಿನ ಸಮವಸ್ತ್ರಕ್ಕೆ ಇಸ್ತ್ರಿ ಸರಿಯಾಗಿಲ್ಲವೆಂದು ಕುಣಿದಾಡುತ್ತಿದ್ದಳು.

ಅವಳ ಪುಸ್ತಕದಲ್ಲಿ ಏನಿತ್ತೆಂದು ಇಲ್ಲಿ ಬರೆದೇ ಇಲ್ಲ. ಪ್ರೀತಿ ಗೀತಿ ಏನೂ ಇರಲಿಲ್ಲ. ಅದನ್ನೇ ಹುಡುಕಿಕೊಂಡು ಹೋದವಳು ನಾನು. ಕೊನೆಯ ಪುಟದಲ್ಲಿ ಮೂರೇ ಸಾಲು ಇತ್ತು. ಅಪ್ಪನ ಮುಖ ನೆನಪಿದೆ, ದನಿ ಮರೆತುಹೋಗುತ್ತಿದೆ, ಇದನ್ನು ಅವ್ವನಿಗೆ ಹೇಳಿದರೆ ಅಳುತ್ತಾಳೆ.

ನನಗೆ ತಡೆಯಲಾಗಲಿಲ್ಲ. ಮನೋಹರ್ ಕಳಿಸಿದ ವಾಟ್ಸಾಪ್ ದನಿಯೊಂದು ನನ್ನ ಫೋನಿನಲ್ಲಿ ಉಳಿದಿದೆ, ಹನ್ನೊಂದು ಸೆಕೆಂಡಿನದು. ಮರುದಿನ ಅವಳು ತಿಂಡಿಗೆ ಕುಳಿತಾಗ ಏನೂ ಗೊತ್ತಿಲ್ಲದವಳ ಹಾಗೆ ಅದನ್ನು ಹಾಕಿದೆ. "ಗಂಗಾ, ನಾ ಬರೋದು ತಡ ಆಕ್ಕೈತಿ. ಸ್ಫೂರ್ತಿನ್ನ ಮಲಗಿಸಬ್ಯಾಡ, ಮಿರ್ಚಿ ತರ್ತೀನಿ." ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ನನ್ನ ಕಡೆ ನೋಡದೆ, "ಓದಿದಿ ಹೌದಿಲ್ಲೋ?" ಎಂದಳು.

ನಿನ್ನ ಒಳ್ಳೆಯದಕ್ಕೇ ಎಂದೆ. ಆಮೇಲೆ ಒಂದು ತಿಂಗಳು ಅವಳು ನನ್ನೊಡನೆ ಸಾರು, ಉಪ್ಪು, ನೀರು ಬಿಟ್ಟು ಬೇರೆ ಮಾತಾಡಲಿಲ್ಲ. ಅಷ್ಟೊಳ್ಳೆಯ ದನಿಯನ್ನು ನಾನು ಆ ಹೊತ್ತಿನಲ್ಲಿ ಹಾಗೆ ಹಾಕಬಾರದಿತ್ತು. ಆದರೂ ಓದಿದ್ದು ತಪ್ಪೆಂದು ಪೂರ್ತಿ ಒಪ್ಪಲಾರೆ. ಓದದಿದ್ದರೆ ಅವಳ ಸಂಕಟ ನನಗೆ ಗೊತ್ತಾಗುತ್ತಿತ್ತೇ?

ಸೆಪ್ಟೆಂಬರ್ 3, ಬುಧವಾರ

ಬೆಳಿಗ್ಗೆ ಚಹಾ ಹಿಡಿದು ಹೊಸ ಪ್ರಶ್ನೆಗಳನ್ನು ತೆಗೆದೆ. ಇನ್ನೂರ ಆರನೆಯದು ಹೀಗಿತ್ತು:

"ನಾನು ಬರೆದಿಟ್ಟಿದ್ದನ್ನು ಮನೆಯವರು ಓದಿದರು. ನಿನ್ನ ಒಳ್ಳೆಯದಕ್ಕೆ ಅಂದರು. ಈಗ ಬರೆಯಲೂ ಆಗಲ್ಲ, ಅವರ ಜತೆ ಮಾತಾಡಲೂ ಆಗಲ್ಲ. ಅವರ ಮೇಲೆ ಪ್ರೀತಿ ಇದೆ. ಏನು ಮಾಡಲಿ?"

ಚಹಾ ತಣ್ಣಗಾಯಿತು. ನಿನ್ನ ಒಳ್ಳೆಯದಕ್ಕೆ. ಇದು ಎಲ್ಲ ಮನೆಯವರೂ ಹೇಳುವ ಮಾತೇ. ಇಲ್ಲಿಂದ ಕಂಪ್ಲಿಯವರೆಗೆ ಎಷ್ಟು ತಾಯಂದಿರು ಎಷ್ಟು ಪುಸ್ತಕ ಓದಿಲ್ಲ. ಆದರೂ ನನ್ನ ಕಣ್ಣು ಆ ಸಾಲಿನಿಂದ ಕದಲಲಿಲ್ಲ.

ಒಳಗಿನ ಲೆಕ್ಕ ಇನ್ನೂ ಇದೆ. ಒಂದು ಸಲ ಒತ್ತಿದರೆ ಊರು, ಫೋನಿನ ಮಾದರಿ ಎರಡೂ ಬರುತ್ತವೆ. ಸ್ಫೂರ್ತಿಯ ಕೈಯಲ್ಲಿರುವುದು ಮನೋಹರ್ ಬಳಸುತ್ತಿದ್ದ ಹಳೆಯ ಫೋನು. ಆ ಮಾದರಿ ಈಗ ಇನ್ನಾರ ಹತ್ತಿರವೂ ಇರಲಾರದು. ಒತ್ತಿದರೆ ಮುಗಿಯಿತು. ಪ್ರೀತಿ ಇದೆ ಎಂದು ಬರೆದವಳು ನನ್ನ ಮಗಳೇ ಎಂದು ಗೊತ್ತಾದರೆ ಈ ಮೂರು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೇನು.

ಬೆರಳು ಅಲ್ಲಿಯವರೆಗೂ ಹೋಯಿತು. ಎದ್ದು ಪಾತ್ರೆ ತೊಳೆದೆ. ಬಂದು ಕುಳಿತೆ. ಮತ್ತೆ ಎದ್ದು, ತೊಳೆದ ಪಾತ್ರೆಯನ್ನೇ ತೊಳೆದೆ. ಹುಲುಗಮ್ಮ ಗೇಟಿನ ಹತ್ತಿರ ಹೇಳಿದ ಮಾತು ಬಿಡದೆ ಕಾಡಿತು.

ಹನ್ನೊಂದು ಗಂಟೆಗೆ ಲೆಕ್ಕವನ್ನು ಪೂರ್ತಿ ಅಳಿಸಿದೆ. ಹಳೆಯದನ್ನೂ ಅಳಿಸಿ, ಮುಂದೆ ಏನೂ ದಾಖಲಾಗದಂತೆ ಮಾಡಿದೆ. ತೆರೆದು ನೋಡದೆಯೇ ಅಳಿಸಿದೆ. ಆಮೇಲೆ ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತೆ.

ಸೆಪ್ಟೆಂಬರ್ 4, ಗುರುವಾರ

ಕಿರಣ್ ಕುಮಾರ್‌ಗೆ ಹೇಳಿದೆ. ವರದಿ ಹೇಗೆ ಬರೆಯಲಿ ಎಂದು ಸಿಟ್ಟಾದರು. ಎಷ್ಟು ಪ್ರಶ್ನೆ ಬಂತೆಂದು ಬರೆಯಿರಿ, ಯಾರದೆಂದು ಬರೆಯುವುದಕ್ಕಿಲ್ಲ ಎಂದೆ. ನನ್ನ ದನಿ ಸ್ವಲ್ಪ ಜೋರಾಯಿತೇನೋ, ಆಯಿತು ಬಿಡಿ ಎಂದರು.

ಆಮೇಲೆ ಕಡ್ಡಿರಾಂಪುರಕ್ಕೆ ಹೋದೆ. ಪಂಪಾವತಿ ಮೇಡಂ ಅಂಗಳದಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಇನ್ನೂರ ಆರನೆಯದನ್ನು ಓದಿ ಕನ್ನಡಕ ತೆಗೆದರು.

"ಇದಕ್ಕ ನೀವಾ ಬರೀರಿ, ಗಂಗೋತ್ರಿ. ನನಗ ಮಕ್ಕಳಿಲ್ಲ. ಜ್ವರಕ್ಕ ಏನು ಕೊಡಬೇಕು ಗೊತ್ತೈತಿ, ಇದಕ್ಕ ಗೊತ್ತಿಲ್ಲ."

"ನಾನೂ ಓದೀನ್ರಿ ಮೇಡಂ, ನನ್ನ ಮಗಳದು" ಎಂದೆ. ಈ ಮಾತನ್ನು ಮತ್ತೊಬ್ಬರ ಮುಂದೆ ಹೇಳಿದ್ದು ಇದೇ ಮೊದಲು.

ಅವರೇನೂ ಆಶ್ಚರ್ಯಪಡಲಿಲ್ಲ. "ಹಂಗಾರ ನಿಮಗ ಇನ್ನೂ ಚಲೋ ಗೊತ್ತಿರ್ತೈತಿ. ಕುಂದ್ರಿ, ಬರದಾ ಹೋಗ್ರಿ."

ಒಂದೂವರೆ ಗಂಟೆ ಕುಳಿತೆ. ಮನೆಯವರ ಕಷ್ಟವನ್ನೂ ಅರ್ಥ ಮಾಡಿಕೋ ಎಂದು ಶುರು ಮಾಡಿ ಹೊಡೆದುಹಾಕಿದೆ. ಅವರು ಕಾಳಜಿಯಿಂದಲೇ ಎಂದು ಬರೆದು ಅದನ್ನೂ ಹೊಡೆದೆ. ಕೊನೆಗೆ ಉಳಿದದ್ದು ಇಷ್ಟು:

"ತಪ್ಪು ನಿನ್ನದಲ್ಲ. ನಿನ್ನನ್ನು ಕೇಳದೆ ಓದಿದ್ದು ತಪ್ಪು, ಒಳ್ಳೆಯದಕ್ಕೇ ಓದಿದ್ದರೂ ತಪ್ಪು. ಅದನ್ನು ಸರಿಮಾಡುವ ಕೆಲಸ ನಿನ್ನದಲ್ಲ, ಓದಿದವರದು. ಅವರು ಬಂದು ತಪ್ಪಾಯಿತು ಎನ್ನಬೇಕು. ನಿನಗೆ ಮನಸ್ಸು ಬರುವತನಕ ಕಾಯಬೇಕು. ಅಲ್ಲಿಯವರೆಗೆ ನೀನು ಮಾತಾಡದಿದ್ದರೂ ಪ್ರೀತಿ ಕಡಿಮೆಯಾಯಿತೆಂದು ಅರ್ಥವಲ್ಲ."

ಮೇಡಂ ಓದಿ ಒಂದಕ್ಷರವನ್ನೂ ತಿದ್ದಲಿಲ್ಲ. ಮನೆಗೆ ಬಂದು ಸೈಟಿನಲ್ಲಿ ಹಾಕಿದೆ. ಹಾಕಿದ ಮೇಲೆ ಮತ್ತೊಮ್ಮೆ ಓದಿದೆ. ನಾನು ಸ್ಫೂರ್ತಿಗೆ ಇಲ್ಲಿಯವರೆಗೂ ತಪ್ಪಾಯಿತು ಎಂದೇ ಇಲ್ಲ.

ಸೆಪ್ಟೆಂಬರ್ 7, ಭಾನುವಾರ

ದೋಣಿಮಲೈಗೆ ಹೋಗಿದ್ದೆ. ಸಂಡೂರು ದಾಟಿದ ಮೇಲೆ ರಸ್ತೆಬದಿಯ ಎಲೆಗಳೆಲ್ಲ ಅದಿರಿನ ಧೂಳಿಗೆ ಕೆಂಪಾಗಿದ್ದವು. ಸ್ಫೂರ್ತಿ ಊಟಕ್ಕೆ ಬಂದು ಕುಳಿತಳು, ನೀಲಗಂಗಮ್ಮನೊಂದಿಗೆ ಮಾತಾಡಿದಳು, ನನಗೆ ಮಜ್ಜಿಗೆ ಬಡಿಸಿದಳು. ಸ್ವಲ್ಪ ಎತ್ತರವಾಗಿದ್ದಾಳೆ. ಮೂರು ತಿಂಗಳಿಗೆ ಎಷ್ಟು ಬೆಳೆಯುತ್ತಾರೆ ಮಕ್ಕಳು.

ಹೊರಡುವಾಗ ನೀಲಗಂಗಮ್ಮ ಬೇಕೆಂತಲೇ, "ಅವ್ವನ್ನ ಬಸ್ಸಿಗೆ ಬಿಟ್ಟು ಬಾ" ಎಂದು ಕಳಿಸಿದಳು. ನಿಲ್ದಾಣದಲ್ಲಿ ಇಬ್ಬರೇ ಇದ್ದೆವು. ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಬಂದಿದ್ದೆ, ಒಂದೂ ಉಪಯೋಗಕ್ಕೆ ಬರಲಿಲ್ಲ.

"ನಿನ್ನ ಪುಸ್ತಕ ಓದಿದ್ದು ತಪ್ಪಾತು" ಎಂದೆ. "ಅಪ್ಪನ ದನಿ ಹಂಗ ಹಾಕಿದ್ದೂ ತಪ್ಪಾತು."

ಅವಳು ರಸ್ತೆಯ ಕಡೆಯೇ ನೋಡುತ್ತಿದ್ದಳು. "ಇದನ್ನ ಹೇಳಾಕ ಬಂದ್ಯಾ?"

"ಹೂಂ."

"ಮನಿಗೆ ಕರ್ಕೊಂಡು ಹೋಗಾಕ ಅಲ್ಲಾ?"

"ಅಲ್ಲ. ನಿನಗ ಬರಬೇಕು ಅನಿಸಿದಾಗ ಬಾ."

ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕುಳಿತೆ. ಬಸ್ಸು ಹೊರಡುವಷ್ಟರಲ್ಲಿ ಅವಳು ಕಿಟಕಿಯ ಕೆಳಗೆ ಬಂದಳು. "ಅವ್ವಾ, ಆ ದನಿ ಐತ್ಯಾ ಇನ್ನಾ?"

"ಐತಿ."

"ನನಗ ಕಳ್ಸು. ನಾ ಒಬ್ಬಾಕೀನಾ ಕೇಳ್ತೀನಿ."

ಸಂಡೂರು ಬರುವ ಮೊದಲೇ ಕಳಿಸಿದೆ. ಕೇಳಿದಳೋ ಇಲ್ಲವೋ ಗೊತ್ತಿಲ್ಲ, ನಾನು ವಿಚಾರಿಸಲೂ ಇಲ್ಲ.

ಸೆಪ್ಟೆಂಬರ್ 21, ಭಾನುವಾರ

ಸೈಟ್ ಉಳಿಯಿತು. ಮುನ್ನೂರು ದಾಟಿದ ಮೇಲೆ ಕಿರಣ್ ಕುಮಾರ್ ಗೈಡ್ ಪುಸ್ತಕದ ಮಾತೆತ್ತಿಲ್ಲ. ಮುಂದಿನ ವರ್ಷ ಹಂಪಿಯ ಶಾಲೆಗಳಿಗೂ ಹೋಗೋಣ ಎನ್ನುತ್ತಿದ್ದಾರೆ.

ಇನ್ನೂರ ಆರನೆಯ ಉತ್ತರದ ಕೆಳಗೆ ಒಂದು "ಸ್ವಲ್ಪ" ಬಿದ್ದಿದೆ. ಯಾರು ಒತ್ತಿದರೆಂದು ತಿಳಿಯುವ ದಾರಿ ಇಲ್ಲ, ನಾನೇ ಮುಚ್ಚಿದ್ದೇನೆ. ಕಂಪ್ಲಿಯವಳಿರಬಹುದು, ಯಾರಾದರೂ ಇರಬಹುದು. ಯಾರಾದರೇನು, ಆ ಮಗುವಿಗೆ ಸ್ವಲ್ಪವಾದರೂ ಆಯಿತಲ್ಲ.

ಸೆಪ್ಟೆಂಬರ್ 29, ಸೋಮವಾರ

ದಸರಾ ರಜೆಗೆ ಸ್ಫೂರ್ತಿ ನಿನ್ನೆ ಮಧ್ಯಾಹ್ನ ಬಂದಳು. ತಾನಾಗಿಯೇ ಬಂದಳು, ಫೋನ್ ಕೂಡ ಮಾಡಿರಲಿಲ್ಲ. ನಾಲ್ಕು ದಿನ ಇರುತ್ತಾಳಂತೆ, ಆಮೇಲೆ ಮತ್ತೆ ದೋಣಿಮಲೈಗೆ. ಹೆಚ್ಚು ಮಾತಿಲ್ಲ. ಸಂಜೆ ಇಬ್ಬರೂ ಹೋಗಿ ಮಿರ್ಚಿ ತಿಂದೆವು. ಅಂಗಡಿಯವನು ಕೇಳದೆ ಎರಡು ಪ್ಲೇಟ್ ಹಾಕಿದ. ಈ ಸಲ ನಾನು ಬೇಡವೆನ್ನಲಿಲ್ಲ.

ಇವತ್ತು ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಊಟದ ಮೇಜು ಒರೆಸಲು ಬಂದೆ. ಮೇಜಿನ ನಡುವೆ ಒಂದು ಹೊಸ ನೋಟ್‌ಬುಕ್ ಇತ್ತು. ನೀಲಿ ರಟ್ಟು, ಒಳಗೆ ಪೆನ್ನು ಸಿಕ್ಕಿಸಿದ್ದರಿಂದ ಒಂದು ಬೆರಳಿನಷ್ಟು ತೆರೆದುಕೊಂಡಿತ್ತು. ಮರೆತು ಬಿಟ್ಟಳೋ, ಬೇಕೆಂದೇ ಇಟ್ಟಳೋ ಗೊತ್ತಿಲ್ಲ. ಬಚ್ಚಲಿನಲ್ಲಿ ನೀರಿನ ಸದ್ದು ಬರುತ್ತಲೇ ಇತ್ತು.

ಮೇಜು ಒರೆಸಿದೆ, ಪುಸ್ತಕವಿದ್ದಷ್ಟು ಜಾಗ ಬಿಟ್ಟು.